ಅಪಘಾತ ಪರಿಹಾರದ ಕೇಸು: ಠಾಣೆಯಿಂದ ಠೇವಣಿಯವರೆಗೆ

ಭಾವನ ಎಂವಿಸಿ (ಮೋಟಾರು ಅಪಘಾತ ಪರಿಹಾರದ) ಕೇಸು ಈಚೆಗೆ ಮುಗಿದು ಹಣ ಖಾತೆಗೆ ಬಂತು. 2023ರ ಆರಂಭದಲ್ಲಿ ಅವರು ತುಮಕೂರು ಕಡೆಯಿಂದ ಬೈಕಿನಲ್ಲಿ ಬೆಂಗಳೂರಿಗೆ ಬರುವಾಗ ಹಿಂದಿನಿಂದ ಸರಕು ಟೆಂಪೊ ಗುದ್ದಿತ್ತು. ಬಲಮೊಣಕಾಲಿನ ಕೆಳಗೆ ಮೂಳೆಯ ತಲೆಭಾಗ ಒಡೆದು ಪ್ಲೇಟು, ಸ್ಕ್ರೂ ಹಾಕಿದರು. ಭಾವ ಟೈಲ್ಸ್ ಮೇಸ್ತ್ರಿ. ಕುಕ್ಕರುಗಾಲಲ್ಲಿ ಕೂರಲಾಗದ ಟೈಲ್ಸ್ ಮೇಸ್ತ್ರಿಗೆ ಕೆಲಸ ಎಷ್ಟು ಉಳಿಯುತ್ತದೆ ಅನ್ನುವುದೇ ಇಡೀ ಕೇಸಿನ ಪ್ರಶ್ನೆಯಾಯಿತು. ಫೈಲು ಹಿಡಿದು ಓಡಾಡಿದ್ದು ನಾನು. ಇದೇ ದಾರಿ ಹಿಡಿಯುವವರಿಗೆ ಮೊದಲೇ ಒಂದು ಮಾತು: ಸಾಕ್ಷಿ ಕಟಕಟೆಯಲ್ಲಿ ನಾವು ಏನು ಹೇಳುತ್ತೇವೆ ಅನ್ನುವುದಕ್ಕಿಂತ, ಅಪಘಾತವಾದ ಮೊದಲ ಎರಡು ವಾರದಲ್ಲಿ ಡಾಕ್ಟರು, ಪೊಲೀಸರು, ಆರ್‌ಟಿಓ ಇನ್‌ಸ್ಪೆಕ್ಟರು ಏನು ಬರೆದಿಟ್ಟಿದ್ದಾರೆ ಅನ್ನುವುದರ ಮೇಲೆ ಕೇಸು ನಿಲ್ಲುತ್ತದೆ.

ಮೊದಲ ಕಾಗದ ಆಸ್ಪತ್ರೆಯದು. ಗಾಯಾಳು ಬಂದ ಕೂಡಲೇ ಡ್ಯೂಟಿ ಡಾಕ್ಟರು ಎಂಎಲ್‌ಸಿ ರಿಜಿಸ್ಟರಿನಲ್ಲಿ, ಅಂದರೆ ಪೊಲೀಸ್ ಕೇಸಾಗುವ ಗಾಯಗಳ ಪುಸ್ತಕದಲ್ಲಿ, ಗಾಯ ಹೇಗಾಯಿತು ಎಂದು ಒಂದು ಸಾಲು ಬರೆಯುತ್ತಾರೆ. ಗಾಯಾಳು ಮಾತಾಡುವ ಸ್ಥಿತಿಯಲ್ಲಿ ಇಲ್ಲದಿದ್ದರೆ ಕರೆತಂದವರನ್ನು ಕೇಳಿ ಬರೆಯುತ್ತಾರೆ. ನಮ್ಮಲ್ಲಿ ಭಾವನನ್ನು ಎತ್ತಿಕೊಂಡು ಹೋದ ಪುಣ್ಯಾತ್ಮ ಡಿಕ್ಕಿಯನ್ನು ನೋಡಿರಲಿಲ್ಲ. ‘ಬೈಕಿಂದ ಬಿದ್ದಿದ್ದಾರೆ’ ಅಂದಿದ್ದ. ಹೆದ್ದಾರಿ ಪಕ್ಕದ ಆ ಸಣ್ಣ ಆಸ್ಪತ್ರೆಯ ಪುಸ್ತಕದಲ್ಲಿ ‘ಸ್ಕಿಡ್ ಆಗಿ ಬಿದ್ದದ್ದು’ ಎಂದು ದಾಖಲಾಗಿಬಿಟ್ಟಿತು. ವಿಮಾ ಕಂಪನಿಯ ತನಿಖೆಯವರು ಮೊದಲು ಹುಡುಕುವುದೇ ಈ ಸಾಲನ್ನು. ತಾನಾಗಿ ಬಿದ್ದವರಿಗೆ ಎದುರಿನ ವಾಹನದ ವಿಮೆಯಿಂದ ಪರಿಹಾರವಿಲ್ಲ.

ಹಾಗೆ ಬರೆದಿದ್ದರೆ ತಿದ್ದಿಸಲು ಹೋಗಬೇಡಿ. ತಿದ್ದಿದ ಗುರುತು ಮೂಲ ತಪ್ಪಿಗಿಂತ ದೊಡ್ಡ ಅನುಮಾನ ಹುಟ್ಟಿಸುತ್ತದೆ. ಮುಂದಿನ ಆಸ್ಪತ್ರೆಯಲ್ಲಿ ಗಾಯಾಳುವಿನ ಬಾಯಿಂದಲೇ ಸರಿಯಾದ ವಿವರ ಕೊಡಿಸಿ. ಪೊಲೀಸರ ಮುಂದಿನ ಹೇಳಿಕೆಯಲ್ಲಿ ಮೊದಲ ಆಸ್ಪತ್ರೆಗೆ ಯಾರು ಸೇರಿಸಿದರು, ಅವರು ಡಿಕ್ಕಿ ನೋಡಿದ್ದರೇ ಇಲ್ಲವೇ ಅನ್ನುವುದನ್ನು ಸೇರಿಸಿ. ಆ ವ್ಯಕ್ತಿಯ ಫೋನ್ ನಂಬರು ಅವತ್ತೇ ಬರೆದಿಟ್ಟುಕೊಳ್ಳಿ. ನಮ್ಮ ಕೇಸಿನಲ್ಲಿ ಅವರು ಬಂದು ಸಾಕ್ಷಿ ಹೇಳಿದ ಮೇಲೆಯೇ ಆ ಸಾಲಿನ ಹಲ್ಲು ಮುರಿದದ್ದು.

ಠಾಣೆಗೆ ಕೊಡುವ ದೂರಿನಲ್ಲಿ ವಾಹನದ ನಂಬರು, ಯಾವ ಕಡೆಯಿಂದ ಯಾವ ಕಡೆಗೆ ಹೋಗುತ್ತಿತ್ತು, ರಸ್ತೆಯ ಯಾವ ಬದಿಯಲ್ಲಿ ಗುದ್ದಿತು, ಇಷ್ಟು ಇರಲೇಬೇಕು. ಎಫ್‌ಐಆರ್ ಪ್ರತಿ ದೂರುದಾರರಿಗೆ ಉಚಿತ. ಆಸ್ಪತ್ರೆ ಓಡಾಟದಲ್ಲಿ ದೂರು ತಡವಾದರೆ ಅದೊಂದರಿಂದಲೇ ಕೇಸು ಬೀಳುವುದಿಲ್ಲ. ಮನೆಯವರು ಮೊದಲು ಠಾಣೆಗೆ ಓಡಬೇಕೆಂದು ನಿರೀಕ್ಷಿಸಲಾಗದು ಎಂದು ರವಿ ವಿರುದ್ಧ ಬದರಿನಾರಾಯಣ ಪ್ರಕರಣದಲ್ಲಿ (2011) ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ತಡವಾದದ್ದಕ್ಕೆ ಕಾರಣ ದೂರಿನಲ್ಲೇ ಇರಲಿ.

ಎಫ್‌ಐಆರ್‌ಗಿಂತ ಹೆಚ್ಚು ಗಮನಿಸಬೇಕಾದದ್ದು ಸ್ಥಳ ಮಹಜರು ಮತ್ತು ನಕ್ಷೆ. ರಸ್ತೆಯ ಅಗಲ ಎಷ್ಟು, ಡಿಕ್ಕಿಯಾದ ಜಾಗ ಅಂಚಿನಿಂದ ಎಷ್ಟು ಅಡಿ ಅನ್ನುವುದನ್ನು ನಕ್ಷೆ ಹೇಳುತ್ತದೆ. ಬೈಕು ರಸ್ತೆಯ ನಡುವೆ ಇತ್ತೆಂದು ನಕ್ಷೆ ತೋರಿಸಿದರೆ ಸವಾರನದ್ದೂ ಪಾಲು ತಪ್ಪಿದೆ ಎಂದು ಪರಿಹಾರದಲ್ಲಿ ಕಡಿತ ಕೇಳುತ್ತಾರೆ. ಮಹಜರಿನ ಹೊತ್ತಿಗೆ ಮನೆಯವರು ಒಬ್ಬರು ಅಲ್ಲಿದ್ದು, ಜಾಗದ ಫೋಟೊ ತೆಗೆದಿಟ್ಟುಕೊಂಡರೆ ಒಳ್ಳೆಯದು. ಪಕ್ಕದ ಅಂಗಡಿ, ಪೆಟ್ರೋಲ್ ಬಂಕಿನ ಸಿಸಿಟಿವಿ ದೃಶ್ಯ ಕೆಲವೇ ವಾರಗಳಲ್ಲಿ ಅಳಿಸಿಹೋಗುತ್ತದೆ. ಅದನ್ನು ವಶಪಡಿಸಿಕೊಳ್ಳಿ ಎಂದು ಪೊಲೀಸರಿಗೆ ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಿರಿ. ಪೆನ್‌ಡ್ರೈವಿನಲ್ಲಿ ತಂದು ಕೊಟ್ಟರೆ ಮಾತ್ರ ಸಾಲದು, ದೃಶ್ಯ ಅಸಲಿನ ಪ್ರತಿಯೇ ಎಂಬ ಪ್ರಮಾಣಪತ್ರ ಜೊತೆಗಿರಬೇಕು: ಹಿಂದೆ ಸಾಕ್ಷ್ಯ ಕಾಯ್ದೆಯ ಕಲಂ 65ಬಿ, ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63(4).

ಐಎಂವಿ ರಿಪೋರ್ಟು, ಅಂದರೆ ಮೋಟಾರು ವಾಹನ ನಿರೀಕ್ಷಕರ ತಪಾಸಣೆ ವರದಿ, ನಮ್ಮನ್ನು ಕಾಪಾಡಿತು. ಬೈಕಿನ ಹಿಂದಿನ ಮಡ್‌ಗಾರ್ಡು, ಟೆಂಪೊದ ಮುಂದಿನ ಎಡಭಾಗ ಜಖಂ ಎಂದು ಅದರಲ್ಲಿತ್ತು. ಸ್ಕಿಡ್ ಆಗಿ ಬಿದ್ದ ಬೈಕಿಗೆ ಹಿಂದಿನಿಂದ ಏಟು ಬೀಳುವುದಿಲ್ಲವಲ್ಲ! ವೂಂಡ್ ಸರ್ಟಿಫಿಕೇಟಿನಲ್ಲಿ ಗಾಯ ತೀವ್ರ ಸ್ವರೂಪದ್ದು ಎಂದು ಬರೆದಿದೆಯೇ ನೋಡಿಕೊಳ್ಳಿ. ಆಗ ಚಾರ್ಜ್‌ಶೀಟ್ ಹಳೆಯ ದಂಡ ಸಂಹಿತೆಯ, ಅಂದರೆ ಐಪಿಸಿಯ, 279 (ಅಜಾಗರೂಕ ಚಾಲನೆ), 338ರ (ಅದರಿಂದ ತೀವ್ರ ಗಾಯ) ಅಡಿ ಆಯಿತು. 2024ರ ಜುಲೈ 1ರಿಂದ ಈಚಿನ ಅಪಘಾತಗಳಿಗೆ ಹೊಸ ಭಾರತೀಯ ನ್ಯಾಯ ಸಂಹಿತೆಯ (ಬಿಎನ್‌ಎಸ್) 281, 125(ಬಿ).

2022ರ ಏಪ್ರಿಲ್ 1ರಿಂದ ಬಂದ ನಿಯಮದಂತೆ ಪೊಲೀಸರು ಮೊದಲ ಅಪಘಾತ ವರದಿಯನ್ನು 48 ಗಂಟೆಯಲ್ಲಿ, ಮಧ್ಯಂತರ ವರದಿಯನ್ನು 50 ದಿನದಲ್ಲಿ, ವಿವರ ವರದಿಯನ್ನು 90 ದಿನದಲ್ಲಿ ನ್ಯಾಯಮಂಡಳಿಗೆ, ಅಂದರೆ ಅಪಘಾತ ಪರಿಹಾರದ ಕೇಸು ನಡೆಸುವ ಕೋರ್ಟಿಗೆ, ಕೊಡಬೇಕು. ಗಾಯಾಳು ತುಂಬಬೇಕಾದ ನಮೂನೆಯೂ ಇದೆ. ಕಾಗದದ ಮೇಲೆ ಚೆನ್ನಾಗಿದೆ. ಇದನ್ನೇ ನಂಬಿ ಸುಮ್ಮನೆ ಕೂರಬೇಡಿ, ನಿಮ್ಮ ಅರ್ಜಿ ನೀವು ಹಾಕಿ. ಅದೇ ದಿನಾಂಕದಿಂದ ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಹಾಕಬೇಕೆಂಬ ಮೋಟಾರು ವಾಹನ ಕಾಯ್ದೆ ಕಲಂ 166(3)ರ ಗಡುವೂ ಬಂದಿದೆ. ಅದರ ಸಿಂಧುತ್ವ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದೆ ನಿಜ. ಆದರೂ ಆರು ತಿಂಗಳ ಒಳಗೇ ಅರ್ಜಿ ಸಲ್ಲಿಸಿದರೆ ಆ ತಗಾದೆಯೇ ಇರುವುದಿಲ್ಲ. ಚಾರ್ಜ್‌ಶೀಟ್ ಬರಲಿ, ಎರಡನೇ ಆಪರೇಷನ್ ಮುಗಿಯಲಿ ಎಂದು ಕಾಯುವ ಅಗತ್ಯವಿಲ್ಲ. ಆಮೇಲೆ ಬಂದ ದಾಖಲೆ ಆಮೇಲೆ ಸೇರಿಸಬಹುದು.

ಅಪಘಾತ ನಡೆದ ಜಾಗದಲ್ಲೇ ಅರ್ಜಿ ಹಾಕಬೇಕೆಂದಿಲ್ಲ. ಅರ್ಜಿದಾರರು ವಾಸವಿರುವ ಅಥವಾ ವ್ಯವಹಾರ ಮಾಡುವ ಊರಿನ ನ್ಯಾಯಮಂಡಳಿಯೂ ನಡೆಯುತ್ತದೆ. ಭಾವನ ಮನೆ ಬೆಂಗಳೂರಿನಲ್ಲಿ ಇದ್ದುದರಿಂದ ಇಲ್ಲಿನ ಲಘುವ್ಯವಹಾರಗಳ ನ್ಯಾಯಾಲಯದಲ್ಲೇ ಹಾಕಿದೆವು. ವಾಸಕ್ಕೆ ಪುರಾವೆಯಾಗಿ ಆಧಾರ್ ಸಾಕಾಯಿತು. ವಯಸ್ಸಿಗೆ ಮಾತ್ರ ಶಾಲೆಯ ಟಿಸಿ ಹುಡುಕಿಡಿ. ಆಧಾರ್ ಜನ್ಮದಿನಾಂಕದ ಪುರಾವೆಯಲ್ಲ ಎಂದು 2024ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ವಯಸ್ಸಿನಲ್ಲಿ ಒಂದೆರಡು ವರ್ಷದ ವ್ಯತ್ಯಾಸ ಲಕ್ಷ ರೂಪಾಯಿಗಳನ್ನು ಅಲುಗಾಡಿಸುತ್ತದೆ, ಅದು ಹೇಗೆಂದು ಮುಂದೆ ಲೆಕ್ಕದಲ್ಲಿ ಗೊತ್ತಾಗುತ್ತದೆ.

ಸಿವಿಲ್ ದಾವೆಯ ಹಾಗೆ ಕೇಳಿದ ಮೊತ್ತದ ಮೇಲೆ ಇಲ್ಲಿ ಕೋರ್ಟು ಶುಲ್ಕ ಏರುವುದಿಲ್ಲ. ಕೇಳಿದ್ದಕ್ಕಿಂತ ಹೆಚ್ಚು ಕೊಡಲೂ ನ್ಯಾಯಮಂಡಳಿಗೆ ಅಧಿಕಾರವಿದೆ, ನಾಗಪ್ಪ ವಿರುದ್ಧ ಗುರುದಯಾಳ್ ಸಿಂಗ್ ಪ್ರಕರಣ ಅದಕ್ಕೆ ಆಧಾರ. ವಕೀಲರ ಫೀಸು ಮಾತ್ರ ಶುರುವಿನಲ್ಲೇ ಮಾತಾಡಿ ಬರೆದುಕೊಳ್ಳಿ. ‘ಬಂದದ್ದರಲ್ಲಿ ಇಷ್ಟು ಪರ್ಸೆಂಟು’ ಅನ್ನುವ ಮಾತು ಕಾರಿಡಾರಿನಲ್ಲಿ ಸಾಮಾನ್ಯ; ಫಲಿತಾಂಶಕ್ಕೆ ಗಂಟುಹಾಕಿದ ಫೀಸನ್ನು ಬಾರ್ ಕೌನ್ಸಿಲ್ ನಿಯಮ ಒಪ್ಪುವುದಿಲ್ಲ. ಆಸ್ಪತ್ರೆ ಬಾಗಿಲಲ್ಲೇ ಬಂದು ವಕಾಲತ್ತಿಗೆ ಸಹಿ ಕೇಳುವವರನ್ನು ದೂರ ಇಡಿ.

ನೋಟಿಸು ಹೋದ ಮೇಲೆ ಟೆಂಪೊ ಮಾಲೀಕರು ಬರಲೇ ಇಲ್ಲ, ಏಕಪಕ್ಷೀಯ ಎಂದು ಆದೇಶವಾಯಿತು. ವಿಮಾ ಕಂಪನಿಯ ಆಕ್ಷೇಪಣೆ ಬಂದ ದಿನ ಅಕ್ಕ ಅದನ್ನು ಓದಿಸಿಕೊಂಡು ಅತ್ತಳು. ಅಪಘಾತವೇ ಆಗಿಲ್ಲ, ಆಗಿದ್ದರೂ ಸವಾರನದೇ ತಪ್ಪು, ಗಾಯ ಸಣ್ಣದು, ಬಿಲ್ಲುಗಳು ಸೃಷ್ಟಿಸಿದವು, ಆದಾಯ ಸುಳ್ಳು ಎಂದೆಲ್ಲ ಇತ್ತು. ಇದು ಪ್ರತಿ ಕೇಸಿನಲ್ಲೂ ಬರುವ ಅಚ್ಚು. ನಿರಾಕರಿಸದ ಸಂಗತಿ ಒಪ್ಪಿಕೊಂಡಂತೆ ಆಗುತ್ತದೆಂದು ಎಲ್ಲವನ್ನೂ ನಿರಾಕರಿಸುತ್ತಾರೆ. ಓದಿ ಮನಸ್ಸಿಗೆ ಹಚ್ಚಿಕೊಳ್ಳಬೇಕಾದದ್ದು ಕೊನೆಯ ಪುಟಗಳಲ್ಲಿ ಇರುವ ನಿರ್ದಿಷ್ಟ ತಕರಾರುಗಳನ್ನು ಮಾತ್ರ. ನಮ್ಮಲ್ಲಿ ಅವು ಎರಡು: ಆ ‘ಸ್ಕಿಡ್’ ಸಾಲು, ಮತ್ತು ಚಾಲಕನ ಲೈಸೆನ್ಸು.

ಅಲ್ಲಿಂದ ಮುಂದೆ ವಾಯಿದೆಗಳ ಕಾಲ. ನ್ಯಾಯಾಧೀಶರ ವರ್ಗಾವಣೆ, ಎದುರು ವಕೀಲರ ಗೈರು, ಸಾಕ್ಷಿ ಬಂದ ದಿನವೇ ಸಮಯ ಸಾಲದೆ ಹೋದದ್ದು. ಪ್ರತಿ ವಾಯಿದೆಗೂ ಗಾಯಾಳು ಹೋಗಬೇಕಿಲ್ಲ. ಕೇಸಿಗೆ ಕೊಡುವ ಸಿಎನ್‌ಆರ್ ಸಂಖ್ಯೆ ಇಟ್ಟುಕೊಂಡು ಇ-ಕೋರ್ಟ್ಸ್ ಆ್ಯಪಿನಲ್ಲಿ ಹಂತ ನೋಡಿಕೊಂಡು, ಸಾಕ್ಷ್ಯದ ದಿನ ಮಾತ್ರ ಕರೆದೊಯ್ದರೆ ಸಾಕು.

ಮುಖ್ಯ ವಿಚಾರಣೆ, ಅಂದರೆ ಸಾಕ್ಷಿಯ ಸ್ವಂತ ಹೇಳಿಕೆ, ಅಫಿಡವಿಟ್ ರೂಪದಲ್ಲಿ ಆಗುತ್ತದೆ. ಅದು ಇಂಗ್ಲಿಷಿನಲ್ಲಿ ತಯಾರಾಗಿದ್ದರೆ ಸಾಲು ಸಾಲಾಗಿ ಕನ್ನಡದಲ್ಲಿ ಹೇಳಿಸಿಕೊಂಡೇ ಸಹಿ ಹಾಕಿ. ದಾಖಲೆಗಳಿಗೆ ನಿಪಿ-1, ನಿಪಿ-2 ಎಂದು ಗುರುತು ಬೀಳುತ್ತದೆ. ಪಾಟಿ ಸವಾಲಿನಲ್ಲಿ ಎದುರು ವಕೀಲರು ಕೇಳುವುದು ಹೆಚ್ಚೂಕಡಿಮೆ ಇವೇ: ಹೆಲ್ಮೆಟ್ ಇತ್ತೇ, ಲೈಸೆನ್ಸ್ ಇತ್ತೇ, ವೇಗ ಎಷ್ಟು, ಈಗ ಕೆಲಸ ಮಾಡುತ್ತಿದ್ದೀರಲ್ಲ, ಕೋರ್ಟಿಗೆ ನಡೆದುಕೊಂಡೇ ಬಂದಿರಲ್ಲ. ಕೊನೆಗೆ ‘ಹೆಚ್ಚು ಪರಿಹಾರಕ್ಕಾಗಿ ಸುಳ್ಳು ಹೇಳುತ್ತಿದ್ದೀರಿ’ ಎಂಬ ಮಾತು. ಅದಕ್ಕೆ ಸಿಟ್ಟಾಗದೆ ‘ಸರಿಯಲ್ಲ’ ಅಂದರೆ ಮುಗಿಯಿತು. ನಡೆಯುತ್ತೇನೆ ಎಂದು ಒಪ್ಪಿಕೊಳ್ಳುವುದರಿಂದ ಏನೂ ಹಾಳಾಗುವುದಿಲ್ಲ. ನಡೆಯಲಾಗುತ್ತದೆ, ಮೆಟ್ಟಿಲಿಗೆ ಕಂಬಿ ಬೇಕು, ನೆಲಕ್ಕೆ ಕೂರಲಾಗದು ಎಂದು ಇದ್ದದ್ದು ಇದ್ದಹಾಗೆ ಹೇಳಿದ್ದೇ ಭಾವನಿಗೆ ಅನುಕೂಲವಾಯಿತು. ಅಂದಹಾಗೆ ಗಾಯಾಳುವಿಗೆ ಲೈಸೆನ್ಸ್ ಇಲ್ಲ ಅನ್ನುವುದೊಂದರಿಂದಲೇ ಅವನ ನಿರ್ಲಕ್ಷ್ಯ ಸಾಬೀತಾಗುವುದಿಲ್ಲ ಎಂದು ಸುಧೀರ್ ಕುಮಾರ್ ರಾಣಾ ಪ್ರಕರಣದಲ್ಲಿ (2008) ತೀರ್ಮಾನವಾಗಿದೆ.

ಬಿಲ್ಲುಗಳ ವಿಷಯ ಸಣ್ಣದು ಅನ್ನಿಸಿದರೂ ಹೆಚ್ಚು ದುಡ್ಡು ಸೋರುವುದು ಇಲ್ಲೇ. ಮೆಡಿಕಲ್ ಶಾಪಿನ ಥರ್ಮಲ್ ಕಾಗದ ಒಂದು ಬೇಸಿಗೆ ಕಳೆಯುವುದರೊಳಗೆ ಬಿಳಿಯಾಗುತ್ತದೆ, ಅದೇ ವಾರ ಜೆರಾಕ್ಸ್ ಮಾಡಿ ಮೂಲದ ಜೊತೆ ಪಿನ್ ಮಾಡಿ. ಪ್ರತಿ ಬಿಲ್ಲಿಗೂ ಅದರ ಚೀಟಿ ಜೋಡಿಸಿ, ದಿನಾಂಕದ ಕ್ರಮದಲ್ಲಿ ಒಂದು ಪಟ್ಟಿ ಬರೆಯಿರಿ. ಆಸ್ಪತ್ರೆಗೆ ಕಟ್ಟಿದ ಮುಂಗಡದ ರಸೀದಿಗಳು ಅಂತಿಮ ಬಿಲ್ಲಿನಲ್ಲಿ ಸೇರಿರುತ್ತವೆ. ಎರಡನ್ನೂ ಕೂಡಿಸಿದರೆ ಪಾಟಿ ಸವಾಲಿನಲ್ಲಿ ಸಿಕ್ಕಿಬೀಳುತ್ತೀರಿ, ಆಮೇಲೆ ನಿಜವಾದ ಬಿಲ್ಲಿನ ಮೇಲೂ ಅನುಮಾನ. ಆರೋಗ್ಯ ವಿಮೆಯಿಂದ ಬಂದ ಮೊತ್ತವನ್ನು ಕಳೆಯಬೇಕೇ ಎಂಬುದರಲ್ಲಿ ಹೈಕೋರ್ಟುಗಳು ಒಂದೇ ಮಾತು ಹೇಳಿಲ್ಲ. ಆ ಹಣವನ್ನು ಮುಚ್ಚಿಡದೆ ವಕೀಲರಿಗೆ ತಿಳಿಸಿ. ಪ್ಲೇಟು ತೆಗೆಸುವ ಮುಂದಿನ ಆಪರೇಷನ್ನಿಗೆ ಡಾಕ್ಟರಿಂದ ಅಂದಾಜು ಪತ್ರ ಬೇಕು. ಮುಂದಿನ ಚಿಕಿತ್ಸೆಯ ಮೊತ್ತಕ್ಕೆ ಸಾಮಾನ್ಯವಾಗಿ ಬಡ್ಡಿ ಸಿಗುವುದಿಲ್ಲ.

ಆದಾಯ ತೋರಿಸುವುದು ಕೂಲಿ, ಮೇಸ್ತ್ರಿ ಕೆಲಸದವರಿಗೆ ದೊಡ್ಡ ತಲೆನೋವು. ಸಂಬಳದ ಚೀಟಿ ಇರುವುದಿಲ್ಲ. ಗುತ್ತಿಗೆದಾರರಿಂದ ‘ತಿಂಗಳಿಗೆ ಇಷ್ಟು ಕೊಡುತ್ತಿದ್ದೆ’ ಎಂದು ಬರೆಸಿದ ಪತ್ರ, ಬರೆದವರು ಬಂದು ಸಾಕ್ಷಿ ಹೇಳದಿದ್ದರೆ ಬರೀ ಕಾಗದ. ನಮಗೆ ಉಪಯೋಗಕ್ಕೆ ಬಂದದ್ದು ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡು ಹಾಗೂ ಒಂದು ವರ್ಷದ ಬ್ಯಾಂಕ್ ಸ್ಟೇಟ್‌ಮೆಂಟು. ಕಾರ್ಡು ಕೆಲಸ ಯಾವುದೆಂದು ಹೇಳಿತು, ಯುಪಿಐ ಜಮೆಗಳು ಕೆಲಸ ನಿಂತುಹೋದ ತಿಂಗಳನ್ನು ತೋರಿಸಿದವು. ಏನೂ ಪುರಾವೆ ಇಲ್ಲದಿದ್ದರೆ ಕರ್ನಾಟಕದಲ್ಲಿ ರಾಜ್ಯ ಕಾನೂನು ಸೇವಾ ಪ್ರಾಧಿಕಾರದ ಕೋಷ್ಟಕದಂತೆ ಆಯಾ ವರ್ಷದ ಅಂದಾಜು ಆದಾಯ ಹಿಡಿಯುತ್ತಾರೆ. ಬೆಂಗಳೂರಿನ ಕೂಲಿಯೊಬ್ಬರ ರಾಮಚಂದ್ರಪ್ಪ ಪ್ರಕರಣದಲ್ಲಿ (2011) ಕೆಳಗಿನ ಕೋರ್ಟು 3,000 ರೂಪಾಯಿಗೆ ಇಳಿಸಿದ್ದ ತಿಂಗಳ ಆದಾಯವನ್ನು ಸುಪ್ರೀಂ ಕೋರ್ಟ್ ಅವರು ಹೇಳಿದ 4,500ಕ್ಕೇ ಒಪ್ಪಿತು. ಕೂಲಿಯವರ ಹತ್ತಿರ ದಾಖಲೆ ಇರುವುದಿಲ್ಲ ಅನ್ನುವುದನ್ನು ಕೋರ್ಟು ಬಲ್ಲದು, ಹೇಳುವ ಅಂಕಿ ನಂಬುವಂತಿರಬೇಕು ಅಷ್ಟೆ.

ಇನ್ನು ಅಂಗವೈಕಲ್ಯ. ಶೇಕಡಾ ಇಷ್ಟು ಎಂದು ಬರೆದ ಸರ್ಟಿಫಿಕೇಟು ಒಂದೇ ಸಾಲದು, ಡಾಕ್ಟರು ಬಂದು ಸಾಕ್ಷಿ ಹೇಳಬೇಕು. ಆಪರೇಷನ್ ಮಾಡಿದ ಡಾಕ್ಟರೇ ಬಂದರೆ ಅರ್ಧ ಯುದ್ಧ ಗೆದ್ದಂತೆ. ಬೇರೆಯವರಾದರೆ ‘ನೀವು ಚಿಕಿತ್ಸೆ ಕೊಟ್ಟಿಲ್ಲ ಅಲ್ಲವೇ’ ಎಂಬಲ್ಲಿಂದ ಪ್ರಶ್ನೆ ಶುರು. ಶಸ್ತ್ರಚಿಕಿತ್ಸಕರ ಪುರುಸೊತ್ತು ಹೊಂದಿಸುವುದಕ್ಕೇ ಹಲವು ವಾಯಿದೆ ಹೋದವು; ವಿಡಿಯೊ ಕಾನ್ಫರೆನ್ಸ್ ಮೂಲಕ ಅಥವಾ ಕಮಿಷನರ್ ನೇಮಿಸಿ ಸಾಕ್ಷ್ಯ ಪಡೆಯಲು ಅರ್ಜಿ ಹಾಕಬಹುದು. ಅವರು ಬರುವ ಮುಂಚೆ ಹೊಸ ಎಕ್ಸ್‌ರೇ ತೆಗೆಸಿ, ಫಿಲ್ಮಿನ ಮೇಲೆ ಹೆಸರು, ದಿನಾಂಕ ಇರುವಂತೆ ನೋಡಿಕೊಳ್ಳಿ. ಆಸ್ಪತ್ರೆಯ ಒಳರೋಗಿ ಕಡತವನ್ನೂ ತರಿಸಬೇಕು. ಮೊಣಕಾಲು ಎಷ್ಟು ಡಿಗ್ರಿ ಮಡಚುತ್ತದೆ ಎಂದು ಅಳೆದು ಬರೆದಿರಬೇಕು. ‘ನೋವಿದೆ, ಕುಂಟುತ್ತಾರೆ’ ಅನ್ನುವ ಮಾತಿಗೆ ತೂಕ ಕಡಿಮೆ.

ಎದುರು ವಕೀಲರು ಕೇಳುವ ಮುಖ್ಯ ಪ್ರಶ್ನೆ, ಮೂಳೆ ಕೂಡಿಕೊಂಡಿದೆಯೇ ಎಂದು. ಕೂಡಿಕೊಂಡಿರುತ್ತದೆ. ಹೌದು ಅನ್ನಲೇಬೇಕು. ಮೂಳೆ ಕೂಡಿದರೂ ಕೀಲಿನ ಮೇಲ್ಮೈ ಸಮವಾಗಿಲ್ಲ, ಆದ್ದರಿಂದ ಮಡಚುವುದಿಲ್ಲ ಎಂದು ಅಲ್ಲೇ ವಿವರಿಸುವ ಡಾಕ್ಟರು ಸಿಕ್ಕರೆ ಅದೃಷ್ಟ. ಇನ್ನೊಂದು, ಕಾಲಿಗೆ ಶೇ 45 ಅಂದರೆ ಇಡೀ ದೇಹಕ್ಕೆ ಎಷ್ಟು? ನಮ್ಮ ಕಡೆ ಕೋರ್ಟುಗಳು ಸಾಮಾನ್ಯವಾಗಿ ಅಂಗದ ವೈಕಲ್ಯದ ಮೂರನೇ ಒಂದು ಪಾಲನ್ನು ದೇಹಕ್ಕೆ ಹಿಡಿಯುತ್ತವೆ, ಅಂದರೆ ಶೇ 15. ಅಲ್ಲಿಗೇ ನಿಂತುಬಿಟ್ಟರೆ ನಷ್ಟ. ರಾಜ್ ಕುಮಾರ್ ವಿರುದ್ಧ ಅಜಯ್ ಕುಮಾರ್ (2011) ತೀರ್ಪು ಕೇಳುವ ಪ್ರಶ್ನೆ ಬೇರೆ: ಈ ಗಾಯದಿಂದ ಈ ಮನುಷ್ಯನ ಈ ಕಸುಬಿನ ಗಳಿಕೆ ಎಷ್ಟು ಕುಗ್ಗಿತು? ಕುರ್ಚಿಯ ಕೆಲಸದವನಿಗೂ ನೆಲದ ಕೆಲಸದವನಿಗೂ ಒಂದೇ ಮೊಣಕಾಲು ಬೇರೆ ಬೇರೆ ನಷ್ಟ. ಟೈಲ್ಸ್ ಕೆಲಸ ಹೇಗೆ ನಡೆಯುತ್ತದೆ, ದಿನಕ್ಕೆ ಎಷ್ಟು ಹೊತ್ತು ಕುಕ್ಕರುಗಾಲಲ್ಲಿ ಇರಬೇಕು, ಚೀಲ ಯಾರು ಹೊರುತ್ತಾರೆ ಎಂದು ಭಾವನ ಜೊತೆ ಕೆಲಸ ಮಾಡಿದವರೊಬ್ಬರು ಹೇಳಿದ ಸಾಕ್ಷ್ಯ ಇಲ್ಲಿ ಕೆಲಸಕ್ಕೆ ಬಂತು. ನ್ಯಾಯಮಂಡಳಿ ಗಳಿಕೆಯ ನಷ್ಟವನ್ನು ಶೇ 20 ಎಂದು ಹಿಡಿಯಿತು.

ಈಗ ಲೆಕ್ಕ. ವಯಸ್ಸು 38, ತಿಂಗಳ ಆದಾಯ 16,000 ಎಂದು ಹಿಡಿಯಿರಿ. ಸ್ವಂತ ದುಡಿಮೆಯವರಿಗೆ 40ರ ಕೆಳಗೆ ಭವಿಷ್ಯದ ಏರಿಕೆ ಶೇ 40 (ಪ್ರಣಯ್ ಸೇಠಿ, 2017), ಅಲ್ಲಿಗೆ 22,400. ವರ್ಷಕ್ಕೆ 2,68,800. ಸರಳಾ ವರ್ಮಾ (2009) ಕೋಷ್ಟಕದಲ್ಲಿ 36ರಿಂದ 40ರ ವಯಸ್ಸಿಗೆ ಗುಣಕ, ಅಂದರೆ ವರ್ಷದ ಆದಾಯವನ್ನು ಗುಣಿಸುವ ಅಂಕಿ, 15; ಗುಣಿಸಿದರೆ 40,32,000. ಇದರ ಶೇ 15 ಅಂದರೆ 6,04,800, ಶೇ 20 ಅಂದರೆ 8,06,400. ಆ ಐದು ಅಂಶದ ಬೆಲೆ ಎರಡು ಲಕ್ಷದ ಮೇಲೆ. ವಯಸ್ಸು 41 ಆಗಿದ್ದರೆ ಗುಣಕ 14ಕ್ಕೆ, ಏರಿಕೆ ಶೇ 25ಕ್ಕೆ ಇಳಿದು, ಶೇ 20ರ ಲೆಕ್ಕಕ್ಕೂ 6,72,000 ಮಾತ್ರ. ಟಿಸಿ ಹುಡುಕಿ ಅಂದದ್ದು ಇದಕ್ಕೇ. ಗಾಯದ ಕೇಸಿಗೆ ಭವಿಷ್ಯದ ಏರಿಕೆ ಅನ್ವಯಿಸದು ಎಂದು ವಿಮಾ ಕಡೆಯವರು ಈಗಲೂ ವಾದಿಸುತ್ತಾರೆ. ಪಪ್ಪು ದೇವ್ ಯಾದವ್ ತೀರ್ಪು (2020) ತೋರಿಸಿ. ಇದರ ಜೊತೆಗೆ ನೋವು ಮತ್ತು ಯಾತನೆ, ಚಿಕಿತ್ಸೆಯ ಅವಧಿಯ ಆದಾಯ ನಷ್ಟ, ಪೌಷ್ಟಿಕ ಆಹಾರ, ಓಡಾಟ, ಆರೈಕೆಯವರ ಖರ್ಚು, ಬದುಕಿನ ಸುಖಸೌಲಭ್ಯಗಳ ನಷ್ಟ ಪ್ರತ್ಯೇಕ ಬಾಬ್ತುಗಳು. ಸಂಬಳದ ನೌಕರರು ಅದೇ ಕೆಲಸಕ್ಕೆ ಅದೇ ಸಂಬಳಕ್ಕೆ ಮರಳಿದ್ದರೆ ಮುಂದಿನ ಗಳಿಕೆಯ ನಷ್ಟ ಸಿಗುವುದು ಕಷ್ಟ, ಆದರೆ ಬಳಸಿದ ರಜೆಯೂ ನಷ್ಟವೇ. ಕಚೇರಿಯಿಂದ ರಜೆ ಪತ್ರ ತನ್ನಿ.

ಲೈಸೆನ್ಸಿನ ತಕರಾರು ನಮ್ಮನ್ನು ಬಹಳ ಕಾಡಿತು. ಟೆಂಪೊ ಚಾಲಕನಿಗೆ ಲಘು ವಾಹನದ ಲೈಸೆನ್ಸ್ ಇತ್ತು, ಸಾರಿಗೆ ವಾಹನದ ಅನುಮೋದನೆ ಇರಲಿಲ್ಲ. ಆದ್ದರಿಂದ ಕಂಪನಿ ಹೊಣೆಯಲ್ಲ ಎಂದು ಅವರ ವಾದ. ಹಾಗಾದರೆ ಪತ್ತೆಯೇ ಇಲ್ಲದ ಮಾಲೀಕರಿಂದ ವಸೂಲಿ ಮಾಡಬೇಕಿತ್ತು. ಕೇಸು ನಡೆಯುತ್ತಿರುವಾಗಲೇ, 2024ರ ನವೆಂಬರ್ 6ರಂದು, ಬಜಾಜ್ ಅಲಯನ್ಸ್ ವಿರುದ್ಧ ರಂಭಾ ದೇವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರ ಸಂವಿಧಾನ ಪೀಠ, 7,500 ಕಿಲೊಗಿಂತ ಕಡಿಮೆ ತೂಕದ ಸಾರಿಗೆ ವಾಹನಕ್ಕೆ ಲಘು ವಾಹನದ ಲೈಸೆನ್ಸ್ ಸಾಕು ಎಂದಿತು. ಟೆಂಪೊದ ಆರ್‌ಸಿಯಲ್ಲಿ ಇದ್ದ ಒಟ್ಟು ತೂಕ ಅದರೊಳಗೇ ಇತ್ತು. ಆರ್‌ಸಿ ವಿವರ ತೆಗೆಸಿಟ್ಟುಕೊಂಡಿರಿ, ಇಂಥ ತಕರಾರಿಗೆ ಒಂದೇ ಹಾಳೆಯಲ್ಲಿ ಉತ್ತರ ಸಿಗುತ್ತದೆ.

ಮಧ್ಯೆ ಲೋಕ ಅದಾಲತ್ತಿನಲ್ಲಿ ರಾಜಿಗೆ ಕರೆದರು. ಅಲ್ಲಿ ಒಪ್ಪಿದರೆ ಹಣ ಬೇಗ ಬರುತ್ತದೆ, ಮೇಲ್ಮನವಿ ಇರುವುದಿಲ್ಲ. ಡಾಕ್ಟರ ಸಾಕ್ಷ್ಯಕ್ಕೆ ಮೊದಲು ಬಂದ ಮೊತ್ತಕ್ಕೂ ನಂತರ ಬಂದ ಮೊತ್ತಕ್ಕೂ ತುಂಬಾ ಅಂತರವಿತ್ತು. ನನ್ನ ಮಟ್ಟಿಗೆ, ವೈಕಲ್ಯದ ಸಾಕ್ಷ್ಯ ದಾಖಲಾಗುವ ಮುಂಚೆ ರಾಜಿ ಮಾಡುವುದು ಸಾಲಗಾರರು ಬಾಗಿಲಲ್ಲಿ ನಿಂತಿದ್ದರೆ ಮಾತ್ರ.

ತೀರ್ಪಿನಲ್ಲಿ ಅರ್ಜಿಯ ದಿನದಿಂದ ಶೇ 6 ಬಡ್ಡಿ ಕೊಟ್ಟರು. ಕಾನೂನಿನಲ್ಲಿ ಹಣ ಕಟ್ಟಲು 30 ದಿನದ ಗಡುವಿದೆ. ಕಟ್ಟದಿದ್ದರೆ ವಸೂಲಿಗೆ ಬೇರೆ ಅರ್ಜಿ ಹಾಕಬೇಕು, ನಾವು ಆ ಅರ್ಜಿ ಹಾಕಿದ ಮೇಲೆಯೇ ಕಂಪನಿ ಕಟ್ಟಿತು. ಹೈಕೋರ್ಟಿಗೆ ಮೇಲ್ಮನವಿಗೆ 90 ದಿನ. ಕಡಿಮೆ ಆಯಿತು ಅನ್ನಿಸಿದರೆ ನಾವೂ ಹಾಕಬಹುದು. ಪ್ರಮಾಣಿತ ಪ್ರತಿಗೆ ತೀರ್ಪಿನ ವಾರವೇ ಅರ್ಜಿ ಕೊಡಿ. ಬಡ್ಡಿ ವರ್ಷಕ್ಕೆ 50,000 ದಾಟಿದ್ದರಿಂದ ತೆರಿಗೆ ಕಡಿತವಾಗಿತ್ತು; ಪ್ಯಾನ್ ಮೊದಲೇ ಕೊಟ್ಟಿದ್ದರಿಂದ ಕಡಿಮೆ ದರದಲ್ಲಿ ಹೋಯಿತು, ರಿಟರ್ನ್ಸ್ ಹಾಕಿ ವಾಪಸು ಕೇಳಬಹುದು.

ಎಲ್ಲ ಹಣ ಕೈಗೆ ಕೊಡುವುದಿಲ್ಲ. ಒಂದು ಪಾಲನ್ನು ರಾಷ್ಟ್ರೀಕೃತ ಬ್ಯಾಂಕಿನಲ್ಲಿ ನಿಶ್ಚಿತ ಠೇವಣಿ ಇಡಿಸುತ್ತಾರೆ, ಕೋರ್ಟಿನ ಅನುಮತಿ ಇಲ್ಲದೆ ಅದರ ಮೇಲೆ ಸಾಲ ಎತ್ತುವಂತಿಲ್ಲ. ಅವಧಿಗೆ ಮುಂಚೆ ಬೇಕಾದರೆ ಕಾರಣ ತೋರಿಸಿ ಅರ್ಜಿ ಹಾಕಬೇಕು. ಭಾವನ ಪ್ಲೇಟು ಇನ್ನೂ ತೆಗೆಸಬೇಕಿದೆ. ಆಸ್ಪತ್ರೆಯ ಅಂದಾಜು ಪತ್ರ ಇಟ್ಟು ಆ ಅರ್ಜಿ ಈ ವಾರ ಕೊಟ್ಟಿದ್ದೇವೆ. ಅದರ ಜೊತೆಗೇ ಮೂಲ ದಾಖಲೆಗಳನ್ನು ಹಿಂದಿರುಗಿಸಲು ಇನ್ನೊಂದು ಅರ್ಜಿ. ಆಪರೇಷನ್ ಮಾಡುವವರಿಗೆ ಹಳೆಯ ಎಕ್ಸ್‌ರೇ ಫಿಲ್ಮುಗಳು ಬೇಕು, ಅವು ಇನ್ನೂ ಕೋರ್ಟಿನ ಕಡತದಲ್ಲೇ ಇವೆ.